ಸೊಟ್ಟ ಮರದ ನೆರಳು

ದೆವ್ವ, ಭೂತ ಎಂದರೆ ನಗುತ್ತಿದ್ದವನು ನಾನು. ಕಟ್ಟಡದ ಕೆಲಸ ಮಾಡಿಸುತ್ತಿದ್ದ ನನಗೆ ಗೋಡೆ ನೆಟ್ಟಗಿದೆಯೇ ಎಂದು ತಿಳಿಯಲು ತೂಗುಗುಂಡೊಂದು ಸಾಕಿತ್ತು. ಅದಕ್ಕಿಂತ ಹೆಚ್ಚಿನದನ್ನು ನಂಬುವ ಅಗತ್ಯ ಬಂದಿರಲಿಲ್ಲ. ಈಗ ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎಂಬತ್ತರ ದಶಕದ ಆರಂಭದ ಮಾತು. ತಿಪಟೂರಿನ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರು ತುರುವೇಕೆರೆ ರಸ್ತೆಯಲ್ಲಿದ್ದ ತಮ್ಮ ತೋಟದ ಅಂಚಿನಲ್ಲಿ ಗೋದಾಮು ಕಟ್ಟಿಸುತ್ತಿದ್ದರು. ಕೆಲಸ ನೋಡಿಕೊಳ್ಳುತ್ತಿದ್ದವನು ನಾನು. ಗೋಡೆ ಏಳುವ ಹೊತ್ತಿಗೆ ಅವರು ಮನೆಯ ಕೊಬ್ಬರಿ ಅಟ್ಟದ ಏಣಿಯಿಂದ ಜಾರಿ ಕಾಲು ಮುರಿದುಕೊಂಡರು. ಇನ್ನು ಸೈಟಿಗೆ ಬರುವಂತಿರಲಿಲ್ಲ. ವಾರ ವಾರ ಫೋಟೊ ತೆಗೆದು ತಂದು ತೋರಿಸಬೇಕು, ಅದಕ್ಕೆ ತಕ್ಕ ಕ್ಯಾಮೆರಾ ನೀವೇ ಆರಿಸಿ ಎಂದರು.

ಸುಲಭದ ಕೆಲಸ ಎಂದುಕೊಂಡಿದ್ದೆ. ಆದರೆ ಅದರಲ್ಲೊಂದು ತೊಡಕಿತ್ತು. ರುದ್ರಪ್ಪನವರ ತಮ್ಮ ಶಿವು ಹುಟ್ಟಿದಾಗ ಅವರ ತಾಯಿ ಸಿದ್ದಮ್ಮ ಅವನ ಹೆಸರಿನಲ್ಲಿ ಆ ಜಾಗದಲ್ಲಿ ಒಂದು ತೆಂಗಿನ ಸಸಿ ನೆಟ್ಟಿದ್ದರು. ನಮ್ಮ ಕಡೆ ಹಾಗೆ ನೆಟ್ಟ ಮರ ಮನೆಯ ಮಗುವೇ. ಶಿವು ಚಿಕ್ಕವನಿದ್ದಾಗ ಅದಕ್ಕೆ ಕರು ಕಟ್ಟುತ್ತಿದ್ದನಂತೆ. ಕರು ಜಗ್ಗಿ ಜಗ್ಗಿ ಮರ ನಡುವಿನಲ್ಲಿ ಬಾಗಿಯೇ ಬೆಳೆದಿತ್ತು. ಮುಂದೆ ಶಿವು ಹಾವು ಕಚ್ಚಿ ತೀರಿಕೊಂಡ. ಆ ತಾಯಿಗೆ ಮಗನ ಗುರುತು ಎಂದು ಉಳಿದದ್ದು ಆ ಸೊಟ್ಟ ಮರವೊಂದೇ. ಮರ ಮುಟ್ಟಕೂಡದು ಎಂಬ ಮಾತಿನ ಮೇಲೆಯೇ ಅವರು ಗೋದಾಮಿಗೆ ಒಪ್ಪಿದ್ದರು. ಆದರೆ ಗೋಡೆಯ ಮುಂದೆ ಲಾರಿ ತಿರುಗಲು ಜಾಗ ಸಾಲದೆ, ರುದ್ರಪ್ಪನವರು, ವಯಸ್ಸಾಗಿ ತೋಟದ ಕಡೆ ಹೋಗುವುದನ್ನೇ ಬಿಟ್ಟಿದ್ದ ತಾಯಿಗೆ ತಿಳಿಸದೆ ಮರ ಕಡಿಸಿ, ಬೊಡ್ಡೆಯನ್ನೂ ಕೀಳಿಸಿದ್ದರು.

ಫೋಟೊ ಬರುತ್ತದೆಂದು ತಿಳಿದ ಸಿದ್ದಮ್ಮ ನನಗೆ ಹೇಳಿದರು: “ನಮ್ ಶಿವುನ ಮರಾನೂ ಪಟದಲ್ಲಿ ಹಿಡ್ಕೊಂಡು ಬಾರಪ್ಪ.”

“ಅಷ್ಟುದ್ದದ ಮರ ಪಟದಲ್ಲಿ ಹಿಡ್ಸಲ್ಲ ಕಣವ್ವ,” ಎಂದರು ರುದ್ರಪ್ಪ, ತಲೆ ತಗ್ಗಿಸಿ. ತಾಯಿ ಒಳಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು. “ಗೋಡೆ ಮಾತ್ರ ಕಾಣ್ಬೇಕು ಕಣ್ರೀ. ಮರ ಇದ್ದ ಜಾಗ ಪಟದಲ್ಲಿ ಬೀಳದಂಥ ಕ್ಯಾಮೆರಾ ನೋಡಿ. ಗೊತ್ತಾದ್ರೆ ಅವ್ವ ಬದುಕಲ್ಲ.”

ಸ್ಟುಡಿಯೋದಿಂದ ಪರೀಕ್ಷೆಗೆಂದು ಎರಡು ಕ್ಯಾಮೆರಾ ತಂದೆ. ಒಂದು ಸಾದಾ ಡಬ್ಬಿ ಕ್ಯಾಮೆರಾ. ಇನ್ನೊಂದು ಮೇಲಿನಿಂದ ಬಗ್ಗಿ ನೋಡುವಂಥದು. ಬೆಳಗಿನ ಎಳೆ ಬಿಸಿಲಿನಲ್ಲಿ ಒಂದೇ ಕಡೆ ನಿಂತು ಎರಡರಿಂದಲೂ ಮುಂದಿನ ಗೋಡೆಯನ್ನು ತೆಗೆದೆ. ಸೂರ್ಯ ನನ್ನ ಬೆನ್ನ ಹಿಂದಿದ್ದ. ಆ ಕಡೆ ರಸ್ತೆ, ರಸ್ತೆಯಾಚೆ ಬಯಲು. ಒಂದು ಗಿಡವೂ ಇಲ್ಲ. ತೋಟವೆಲ್ಲ ಗೋಡೆಯ ಹಿಂದೆ. ಗೋಡೆಯ ಮೇಲೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಫೋಟೊಗಳು ತೊಳೆದು ಬಂದಾಗ ಲಕೋಟೆ ಬಿಚ್ಚದೆ ನೇರವಾಗಿ ರುದ್ರಪ್ಪನವರಿಗೆ ಒಯ್ದು ಕೊಟ್ಟೆ. ಅವರು ನೋಡಿದರು. ಎರಡನ್ನೂ ನನ್ನ ಕಡೆ ಚಾಚಿದರು. ಗೋಡೆಯ ಮೇಲೆ ತೆಂಗಿನ ಮರದ ನೆರಳು ಬಿದ್ದಿತ್ತು. ಎರಡರಲ್ಲೂ. ಗರಿಗಳು, ಕಾಂಡ, ನಡುವೆ ಆ ಬಾಗು. ಕ್ಯಾಮೆರಾ ಬೇರೆ, ಫಿಲ್ಮ್ ಬೇರೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಷ್ಟರಲ್ಲಿ ಸಿದ್ದಮ್ಮ ಬಂದು ಕೈಚಾಚಿದರು. ಬಚ್ಚಿಡಲು ನಮ್ಮಿಬ್ಬರಿಗೂ ತೋಚಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಡಬ್ಬಿ ಕ್ಯಾಮೆರಾದ್ದನ್ನು ಕೆಳಗಿಟ್ಟು, ಇನ್ನೊಂದರ ಮೇಲೆ ಮೆಲ್ಲಗೆ ಬೆರಳಾಡಿಸಿದರು.

“ಈ ಕ್ಯಾಮೆರಾನೇ ತಗಳಪ್ಪ. ಇದ್ರಲ್ಲಿ ನನ್ ಮಗ ಚೆನ್ನಾಗಿ ಕಾಣ್ತಾನೆ.” ರುದ್ರಪ್ಪನವರ ಕಡೆ ತಿರುಗಿ, “ಪಟದಲ್ಲಿ ಹಿಡ್ಸಲ್ಲ ಅಂದ್ಯಲ್ಲ, ನೋಡ್ಲಾ,” ಎಂದರು.

ರುದ್ರಪ್ಪನವರು ಮುಖಕ್ಕೆ ಟವೆಲ್ ಒತ್ತಿಕೊಂಡು ಅತ್ತರು. ಕಾಲು ನೋಯುತ್ತಿರಬೇಕು ಎಂದು ತಾಯಿ ಬೆನ್ನು ಸವರಿದರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಮರುದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಹೋಗಿ ನಿಂತೆ. ಬರಿಯ ಬಿಸಿಲು. ಸ್ಟುಡಿಯೋದವರು ನೆಗೆಟಿವ್ ಹಿಡಿದು ನೋಡಿ, “ಇದ್ರಲ್ಲಿ ಏನೂ ತಪ್ಪಿಲ್ಲ, ಮರ ಇತ್ತು, ನೆರಳು ಬಿದ್ದದೆ, ಅಷ್ಟೇ,” ಎಂದರು.

ಸಿದ್ದಮ್ಮ ಆರಿಸಿದ ಕ್ಯಾಮೆರಾವನ್ನೇ ಕೊಂಡೆವು. ಆ ಫೋಟೊವನ್ನು ಅವರು ದೇವರ ಗೂಡಿನಲ್ಲಿಟ್ಟರು, ಮತ್ತೊಂದನ್ನು ಎಂದೂ ಕೇಳಲಿಲ್ಲ. ಗೋದಾಮಿಗೆ ಬಾಗಿಲು ಕೂರಿಸುವ ಮೊದಲೇ ನೆಮ್ಮದಿಯಿಂದ ತೀರಿಕೊಂಡರು. ಅವರಿಗೆ ಏನಾದರೂ ಗೊತ್ತಿತ್ತೇ, ಆ ನೆರಳು ಎಲ್ಲಿಂದ ಬಂತು, ನಾನರಿಯೆ.

ಕೆಲಸ ಮುಗಿಯುವವರೆಗೂ ವಾರ ವಾರ ಫೋಟೊ ಒಯ್ಯುತ್ತಿದ್ದೆ. ರುದ್ರಪ್ಪನವರು ತಾರಸಿ ನೋಡುತ್ತಿರಲಿಲ್ಲ, ಕಿಟಕಿ ನೋಡುತ್ತಿರಲಿಲ್ಲ. ಮುಂದಿನ ಗೋಡೆಯನ್ನೇ ಹುಡುಕಿ ಕೇಳುತ್ತಿದ್ದರು:

“ಈ ಸಲಾನೂ ಬಂದಿಲ್ವೇನ್ರೀ?”