ರೊಟ್ಟಿ ತಟ್ಟುವ ಜನ

ಚಂದಾಪುರದಲ್ಲಿ ನಮಗೆ ಬಾಡಿಗೆಗೆ ಮನೆ ಕೊಡುವ ಮೊದಲು ಓನರಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಯಾವ್ ಕಡೆಯೋರಮ್ಮ ನೀವು?" ಬಾಗಲಕೋಟೆ ಕಡೆಯವರು ಅಂದೆ. "ಓ, ಉತ್ತರ ಕರ್ನಾಟಕ" ಅಂದರು. ರಾಯಚೂರಿನವರು ಬಂದಿದ್ದರೂ ಅದೇ 'ಓ', ಬೆಳಗಾವಿಯವರು ಬಂದಿದ್ದರೂ ಅದೇ 'ಓ'. ಅವರ ಲೆಕ್ಕದಲ್ಲಿ ತುಮಕೂರು ದಾಟಿದ ಮೇಲೆ ಇರುವುದೆಲ್ಲ ಒಂದೇ ಓಣಿ.

ನಮ್ಮ ಬಗ್ಗೆ ಅವರಿಗೆ ಎಲ್ಲ ಗೊತ್ತಿತ್ತು. ನಾವು ಜೋರಾಗಿ ಮಾತಾಡುತ್ತೇವೆ, ಖಾರ ತಿನ್ನುತ್ತೇವೆ, ಒಬ್ಬರಿಗೆ ಅಂತ ರೂಮು ಹಿಡಿದು ಊರನ್ನೇ ಕರೆಸಿಕೊಳ್ಳುತ್ತೇವೆ. ಇದನ್ನೆಲ್ಲ ಅವರು ಕಲಿತದ್ದು ನಮಗಿಂತ ಮುಂಚೆ ಆ ಮನೆಯಲ್ಲಿದ್ದ ಒಬ್ಬ ಮೇಸ್ತ್ರಿಯಿಂದ. ಒಬ್ಬನೇ ಮೇಸ್ತ್ರಿ. ಆ ಪುಣ್ಯಾತ್ಮನದು ದೊಡ್ಡ ಗಂಟಲು ಆಗಿದ್ದಕ್ಕೆ ಐದಾರು ಜಿಲ್ಲೆಗಳ ಜನ ಮೆಲ್ಲಗೆ ಮಾತಾಡಬೇಕಾಯಿತು.

ನಾವೇನು ಕಡಿಮೆಯೇ. ಹೊರಡುವಾಗ ನಮ್ಮವ್ವ ಹೇಳಿ ಕಳಿಸಿದ್ದಳು: "ಬೆಂಗಳೂರು ಕಡೆ ಮಂದಿ ಉಣ್ಣಾಕ ಕರಿಯಂಗಿಲ್ಲ. ಊಟ ಆತೇನು ಅಂತ ಕೇಳ್ತಾರ, ಇಲ್ಲಂದ್ರ ಮನಿಗೆ ಹೋಗಿ ಉಣ್ರಿ ಅಂತಾರ." ಅವ್ವ ಬೆಂಗಳೂರು ನೋಡಿದವಳಲ್ಲ. ಆದರೆ ಮೊದಲ ವಾರವೇ ಓನರಮ್ಮ ಮೆಟ್ಟಿಲ ಹತ್ತಿರ ಸಿಕ್ಕು "ಊಟ ಆಯ್ತಾ?" ಅಂದರು. ಇನ್ನೂ ಇಲ್ಲ ಅಂದೆ. "ಮಾಡಿ, ಮಾಡಿ" ಅಂತ ಒಳಗೆ ಹೋದರು. ನನ್ನ ಮಟ್ಟಿಗೆ ಅವ್ವನ ಮಾತು ಅಂದಿನಿಂದ ಶಾಸನವಾಯಿತು.

ತಕರಾರು ಶುರುವಾದದ್ದು ರೊಟ್ಟಿಯಿಂದ. ಗಂಡನಿಗೆ ಫ್ಯಾಕ್ಟರಿಯಲ್ಲಿ ಮೊದಲ ಪಾಳಿ, ಡಬ್ಬಿಗೆ ಜೋಳದ ರೊಟ್ಟಿ ಬೇಕೇ ಬೇಕು. ಅದನ್ನು ಲಟ್ಟಿಸುವುದಿಲ್ಲ, ಅಂಗೈಯಿಂದ ತಟ್ಟುತ್ತೇವೆ. ಟಪ್ ಟಪ್ ಎಂದು ಸದ್ದು ಬರುತ್ತದೆ. ನಮ್ಮೂರಲ್ಲಿ ಆ ಸದ್ದು ಯಾರ ಕಿವಿಗೂ ಬೀಳುವುದಿಲ್ಲ, ಎಲ್ಲ ಮನೆಯಲ್ಲೂ ಅದೇ. ಇಲ್ಲಿ ನಮ್ಮ ಅಡುಗೆಮನೆಯ ನೇರ ಕೆಳಗೆ ಓನರಮ್ಮನ ಮಂಚ.

ಒಂದು ಸಂಜೆ ಅವರು ಮೇಲೆ ಹತ್ತಿ ಬಂದರು. "ನಿಮ್ ಕಡೆಯೋರ್ಗೆ ಬೆಳಗಾಗೋಷ್ಟ್ರಲ್ಲಿ ಏನಾದ್ರೂ ಬಡೀಲೇಬೇಕಾ? ನಂಗೆ ಬಿಪಿ ಐತೆ ಕಣಮ್ಮ. ಈ ತಿಂಗ್ಳು ಮುಗಿದ್ಮೇಲೆ ಬೇರೆ ಮನೆ ನೋಡ್ಕೊಳ್ಳಿ" ಅಂದರು.

ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಹೆದರಿಕೆ ಬಂತು. ಮಗಳಿಗೆ ಇದು ಮೂರನೇ ಶಾಲೆ. ಗಂಡನ ಕೆಲಸಕ್ಕೆಂದು ಮೊದಲು ತಿರುಗಿದ ಎರಡು ಊರುಗಳ ಶಾಲೆಯಲ್ಲಿ ಅವಳ ಮಾತಿನ ಧಾಟಿಗೆ ನಕ್ಕಿದ್ದರು, ಬಾಯಿ ಮುಚ್ಚಿಕೊಂಡೇ ಕೂತಿದ್ದಳು. ಇಲ್ಲಿ ಕೊನೆಗೂ ಒಬ್ಬಳು ಗೆಳತಿ ಸಿಕ್ಕಿದ್ದಳು, ಮಗಳು ಮನೆಗೆ ಬಂದು ತಲೆ ತಿನ್ನುವಷ್ಟು ಹರಟುತ್ತಿದ್ದಳು. ಮನೆ ಹೋದರೆ ಮತ್ತೆ ಶಾಲೆ ಹೋಗುತ್ತದೆ. ಮರುದಿನ ಸದ್ದಿಲ್ಲದೆ ಚಪಾತಿ ಲಟ್ಟಿಸಿದೆ. ಗಂಡ ಡಬ್ಬಿ ನೋಡಿದ, ನನ್ನನ್ನು ನೋಡಿದ, ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋದ.

ಓನರಮ್ಮನ ಯಜಮಾನರು ಸ್ಕೂಲ್ ವ್ಯಾನ್ ಓಡಿಸುತ್ತಾರೆ. ನನ್ನ ಮಗಳು ಹೋಗುವುದೂ ಅದರಲ್ಲೇ. ಆ ದಿನ ಹೊತ್ತಾದರೂ ವ್ಯಾನು ಹೊರಡಲಿಲ್ಲ, ಅವರು ಇನ್ನೂ ಹೊದ್ದು ಮಲಗಿದ್ದರು. ನಾವು ಬಂದ ಮೇಲೆ ಅಲಾರಂ ಇಡುವುದನ್ನೇ ಬಿಟ್ಟಿದ್ದರಂತೆ. ಮೇಲೆ ಟಪ್ ಅಂದರೆ ಏಳುವುದು, ಅಷ್ಟೇ. ತಮ್ಮನ್ನು ಎಬ್ಬಿಸುತ್ತಿರುವುದು ಆ ಸದ್ದು ಎಂದು ಅವರಿಗೇ ಅವತ್ತಿನವರೆಗೆ ಗೊತ್ತಿರಲಿಲ್ಲ. ತಡವಾಗಿ ಹೋದ ಮಕ್ಕಳನ್ನೆಲ್ಲ ಶಾಲೆಯವರು ಗೇಟಿನ ಹೊರಗೆ ನಿಲ್ಲಿಸಿದರು, ತಾಯಂದಿರು ಫೋನಿನಲ್ಲೇ ಯಜಮಾನರಿಗೆ ಮಂಗಳಾರತಿ ಮಾಡಿದರು.

ಸಂಜೆ ಓನರಮ್ಮ ಮತ್ತೆ ಬಂದರು. "ನಾಳೆಯಿಂದ ತಟ್ಟು."

"ನಿಮ್ಮ ಬಿಪಿ ಅಕ್ಕಾರ?"

"ಬಿಪಿಗೆ ಮಾತ್ರೆ ಐತೆ. ನಮ್ಮನೆಯೋರ ನಿದ್ದೆಗೆ ಏನೈತೆ?"

ತಟ್ಟಿದೆ. ಬೀದಿಯಲ್ಲಿ ನಮ್ಮ ಹೆಸರೇ ಬದಲಾಯಿತು. "ಉತ್ತರ ಕರ್ನಾಟಕದೋರು ಅಂದ್ರೆ ಗಡಿಯಾರ ಕಣ್ರೀ, ಏನ್ ಶಿಸ್ತು" ಎಂದು ಓನರಮ್ಮ ಹಾಲಿನ ಅಂಗಡಿ ಮುಂದೆ ಹೇಳುತ್ತಿದ್ದರು. ನನ್ನ ಗಂಡ ರಜೆಯ ದಿನ ಹತ್ತು ಗಂಟೆಗೆ ಏಳುತ್ತಾನೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಮನೆ ಖಾಲಿ ಮಾಡುವ ವಿಷಯವನ್ನು ಓನರಮ್ಮ ಎತ್ತಲಿಲ್ಲ. ಕೇಳಿದರೆ ನೆನಪಾದೀತು ಎಂದು ನಾನೂ ಕೇಳಲಿಲ್ಲ. ಸಾಮಾನು ತುಂಬಲು ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಗಳು ಗೋಡೆಗೆ ಒರಗಿಕೊಂಡೇ ಇದ್ದವು.

ತಿಂಗಳ ಕೊನೆಗೆ ಒಂದು ಮಧ್ಯಾಹ್ನ ನನಗೆ ಜ್ವರ ಬಂತು. ಎದ್ದು ಕೂರಲೂ ಆಗಲಿಲ್ಲ, ನಾಳೆಗೆ ರೊಟ್ಟಿ ಎಲ್ಲಿಯದು. ಮುಗಿಯಿತು, ಗಡಿಯಾರ ಕೆಟ್ಟಿತು, ಇನ್ನು ಇವರು ನಮ್ಮನ್ನು ಇಟ್ಟುಕೊಳ್ಳುವುದಿಲ್ಲ ಎಂದು ಗೋಡೆ ಕಡೆ ತಿರುಗಿ ಅತ್ತೆ.

ಮರುದಿನ ಬೆಳಿಗ್ಗೆ ಟಪ್ ಟಪ್ ಕೇಳಿಸಿತು. ನಾನು ಮಲಗಿದ್ದೇನೆ, ಗಂಡನಿಗೆ ತಟ್ಟಲು ಬರುವುದಿಲ್ಲ. ಸದ್ದು ಕೆಳಗಿನಿಂದ ಬರುತ್ತಿತ್ತು, ನಡುನಡುವೆ ನಿಂತು, ಮತ್ತೆ ಶುರುವಾಗಿ.

ಸ್ವಲ್ಪ ಹೊತ್ತಿಗೆ ಓನರಮ್ಮ ತಟ್ಟೆ ಹಿಡಿದು ಬಂದರು. "ಜ್ವರ ಅಂತ ನಿನ್ ಮಗ್ಳು ಅಂದ್ಲು. ಜ್ವರ ಬಂದ್ರೆ ನಿಮ್ ಕಡೆಯೋರು ರೊಟ್ಟಿ ತಿಂದ್ರೇನೇ ಏಳೋದಂತೆ. ಜೋಳದಿಟ್ಟು ತರಕ್ಕೋದಾಗ ಅಂಗಡಿಯೋನು ಅಂದ. ತಿನ್ನು."

ಮುದ್ದೆಯನ್ನು ಒತ್ತಿ ಚಪ್ಪಟೆ ಮಾಡಿದಷ್ಟು ದಪ್ಪವಿತ್ತು, ಅಂಚೆಲ್ಲ ಒಡೆದಿತ್ತು. ಜ್ವರದಲ್ಲಿ ನಮ್ಮ ಮನೆಯಲ್ಲಿ ಯಾರೂ ರೊಟ್ಟಿ ಮುಟ್ಟುವುದಿಲ್ಲ, ಗಂಜಿ ಕುಡಿಯುತ್ತೇವೆ. ಆದರೂ ತಿಂದೆ. ಅರ್ಧ ತಿಂದ ಮೇಲೆ ಧೈರ್ಯ ಮಾಡಿ ಕೇಳಿದೆ: "ಅಕ್ಕಾರ, ತಿಂಗಳ ಮುಗೀತು. ಮನಿ ಖಾಲಿ ಮಾಡೂದು..."

"ಯಾರ್ ಹೇಳಿದ್ದು?" ಅಂದರು. ಆಮೇಲೆ ಗೋಡೆ ಕಡೆ ನೋಡಿದರು. "ಈ ಪೆಟ್ಟಿಗೆ ಬೇಡ್ದಿದ್ರೆ ಕೊಡು, ನೀರ್ ಕಾಯ್ಸಕ್ಕೆ ಆಗ್ತವೆ." ಎಲ್ಲವನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಇಳಿದುಹೋದರು.

ಸಂಜೆ ಅವ್ವ ಫೋನು ಮಾಡಿದಳು. "ಹೆಂಗದಾರ ಅಲ್ಲಿ ಮಂದಿ? ಉಣ್ಣಾಕ ಕರಿಯಂಗಿಲ್ಲ ಅಂತ ನಾ ಹೇಳಿರ್ಲಿಲ್ಲೇನ?"

"ಖರೆ ಐತಿ ಬೇ, ಕರಿಯಂಗಿಲ್ಲ" ಅಂದೆ. "ಮ್ಯಾಲ ಹತ್ತಿ ತಂದು ಕೊಡ್ತಾರ."