ಹಾಡಿಗೆ ಮುಂಚಿನ ಸದ್ದು

ಆಂಪ್ಲಿಫೈಯರ್ ರಿಪೇರಿಯಲ್ಲೇ ಕೂದಲು ನರೆಸಿಕೊಂಡವನು, ಬೀದಿಯವರ ಬಾಯಲ್ಲಿ ಕಿವಿಯಣ್ಣ. ಅವನಿಗೆ ಭಾನುವಾರ ಮಧ್ಯಾಹ್ನ ಒಂದು ಚಟ. ಅವನು ಗೋಡೆಗೆ ಮುಖ ಮಾಡಿ ಕೂರಬೇಕು. ಹೆಂಡತಿ ಒಂದೇ ಹಾಡನ್ನು ಒಮ್ಮೆ ಗ್ರಾಮಫೋನ್ ರೆಕಾರ್ಡಿನಿಂದ, ಒಮ್ಮೆ ಕಂಪ್ಯೂಟರಿನಿಂದ ಹಾಕಬೇಕು. ಯಾವುದು ಯಾವುದೆಂದು ಅವನು ಹೇಳಬೇಕು. ಹಾಡಿಗೆ ಮುಂಚೆ ಸಣ್ಣಗೆ ಸುಯ್ಯೆಂದರೆ ರೆಕಾರ್ಡು. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿದವನಲ್ಲ, ಅದರ ಜಂಭ ಬೇರೆ.

ಇವತ್ತು ನಾಲ್ಕು ಸಲವೂ "ರೆಕಾರ್ಡು" ಎಂದ. ಎರಡು ಸಲ ತಪ್ಪಿತು. ಸ್ಪೀಕರಿನ ತಂತಿಯದೇ ತಪ್ಪೆಂದು ರೇಗಿ, ಅದನ್ನು ಬದಲಿಸಿ, ಮತ್ತೆ ಗೋಡೆಗೆ ತಿರುಗಿದ.

"ಈಗಲೂ ರೆಕಾರ್ಡೇ. ಸುಯ್ಯನ್ನೋದು ಕೇಳ್ತಾ ಇದೆಯಲ್ಲ."



"ರೀ, ನಾನಿನ್ನೂ ಸ್ವಿಚ್ಚೇ ಹಾಕಿಲ್ಲ," ಎಂದಳು ಹೆಂಡತಿ.

ಅವನು ಅಂಗೈಗಳಿಂದ ಎರಡೂ ಕಿವಿ ಮುಚ್ಚಿಕೊಂಡ. ಸದ್ದು ಇನ್ನೂ ಜೋರಾಯಿತು.