ಗಾಳಿ ಹೋದ ದಿಕ್ಕು

ಉಡುತಡಿಯಲ್ಲಿ ಅಕ್ಕನ ಹೊಲದ ಮೆಕ್ಕೆಜೋಳ ಮುರಿದಾದ ಮೇಲೆ ನಾವು ಮೂರು ಮೂಲೆಗೆ ಮೂರು ಆಂಟೆನಾ ನೆಟ್ಟೆವು. ಪಂಪ್‌ಸೆಟ್ ಮನೆಯೇ ನಮ್ಮ ಪ್ರಯೋಗಾಲಯ. ಅಲ್ಲಿಂದ ಮೇಲಕ್ಕೆ ಬಿಟ್ಟ ರೇಡಿಯೋ ಅಲೆ, ಮೋಡಕ್ಕಿಂತ ಎಷ್ಟೋ ಎತ್ತರದಲ್ಲಿರುವ ಅಯಾನುಗೋಳಕ್ಕೆ ತಾಗಿ ವಾಪಸು ಬರುತ್ತಿತ್ತು. ಬಂದದ್ದು ಒಮ್ಮೆ ಜೋರು, ಒಮ್ಮೆ ಕ್ಷೀಣ. ಆ ಏರಿಳಿತ ಮೊದಲು ಯಾವ ಆಂಟೆನಾಕ್ಕೆ ಬಂತು, ಆಮೇಲೆ ಯಾವುದಕ್ಕೆ ಎಂದು ನೋಡಿದರೆ, ಮೇಲಿನ ಪದರ ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಸರಿಯುತ್ತಿದೆ ಎಂದು ತಿಳಿಯುತ್ತದೆ. ಹೊಲದಿಂದ ಹೊಲಕ್ಕೆ ದಾಟುವ ನೆರಳು ನೋಡಿ ಮೋಡ ಹೋಗುವ ಕಡೆ ಹೇಳುವುದಿಲ್ಲವೇ, ಹಾಗೆ.

ಇದನ್ನೆಲ್ಲ ನೆಂಟರಿಗೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದುಕೊಂಡು, ಕೇಳಿದವರಿಗೆಲ್ಲ ಮೇಲಿನ ಗಾಳಿ ಅಳೆಯುತ್ತೇವೆ ಎಂದುಬಿಡುತ್ತಿದ್ದೆ. ಸೊರಬದ ಕಡೆ ಹುಟ್ಟಿ ಬೆಳೆದವಳು ನಾನು. ನಮ್ಮಲ್ಲಿ ಗಾಳಿ ಬೀಸುವುದಷ್ಟೇ ಅಲ್ಲ, ಸೋಕುವುದೂ ಉಂಟು ಎಂದು ಗೊತ್ತಿಲ್ಲದವಳೇನಲ್ಲ.

ಹಿಂದಿನ ವರ್ಷ ಅಕ್ಕನ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಡಾಕ್ಟರು ಮಿದುಳು ಜ್ವರ ಎಂದರು. ಊರಿನವರು ಕೆರೆ ಏರಿಯ ಮೇಲೆ ಗಾಳಿ ಸೋಕಿತು ಎಂದರು. ಹಾಗೆಂದವರ ಮೇಲೆ ನಾನು ಹರಿಹಾಯ್ದಿದ್ದೆ.

ಅಕ್ಕ ದಿನಾ ಚಹಾ ತಂದವಳು ಕಂಪ್ಯೂಟರಿನ ಮುಂದೆಯೇ ಕೂತುಬಿಡುತ್ತಿದ್ದಳು. ಈ ಗೆರೆ ಯಾಕೆ ಏರಿತು, ಆ ಗೆರೆ ಯಾಕೆ ಇಳಿಯಿತು ಎಂದು ಕೇಳುತ್ತಿದ್ದಳು. ಕುರಿ ಮೇಯಿಸುವ ಅಕ್ಕನಿಗೂ ವಿಜ್ಞಾನದ ಹುಚ್ಚು ಹಿಡಿಸಿದೆನಲ್ಲ ಎಂದು ನಾನು ಬೀಗುತ್ತಿದ್ದೆ. ಒಂದು ಮಧ್ಯಾಹ್ನ ಜೊತೆಯವರು ಊಟಕ್ಕೆಂದು ಶಿಕಾರಿಪುರಕ್ಕೆ ಹೋಗಿದ್ದರು. ಆಗ ಅವಳು ಮೆಲ್ಲಗೆ ಕೇಳಿದಳು.

"ನಮ್ಮ ಪಾಪೂನ ಸೋಕಿದ ಗಾಳಿ ಇದ್ರಾಗೆ ಕಾಣ್ತತಾ, ತಂಗಿ?"

ನನಗೆ ರೇಗಿತು. ಇದು ಆ ಗಾಳಿಯಲ್ಲ, ದೆವ್ವವೂ ಅಲ್ಲ ಎಂದು ಮೊದಲಿನಿಂದ ಬಿಡಿಸಿ ಹೇಳತೊಡಗಿದೆ. ಅವಳು ಕೈ ಅಡ್ಡ ಹಿಡಿದಳು.

"ಅವಳ್ನ ಬಿಡಿಸ್ಕಂಡು ಬಾ ಅಂತ ನಾ ಹೇಳ್ಲಿಲ್ಲ ಕಣೆ. ಯಾವ ಕಡೀಗೆ ಹೋತು ಅಂತ ಗೊತ್ತಾದ್ರೆ, ಆ ಕಡೀಗೆ ಮುಖ ಮಾಡಿ ಮಲಗ್ತೀನಿ."

ರೇಗಿದ್ದೆಲ್ಲ ಇಳಿದುಹೋಯಿತು. ಯಾವುದೋ ಒಂದು ದಿಕ್ಕು ಹೇಳಿಬಿಡಬಹುದಿತ್ತು. ಅಕ್ಕನ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. ಆವತ್ತು ಇಲ್ಲಿ ಯಂತ್ರವೇ ಇರಲಿಲ್ಲ ಅಕ್ಕ, ಎಂದೆ.

ಅವಳು ಚಹಾದ ಖಾಲಿ ಲೋಟ ಎತ್ತಿಕೊಂಡಳು.

"ಹಂಗಾರೆ ಅವಳು ಹೋಗಿದ್ದು ಯಾರೂ ನೋಡ್ಲಿಲ್ಲ ಅನ್ನು" ಎಂದು ಎದ್ದು ಕುರಿಗಳ ಕಡೆ ಹೋದಳು.